ಬೆಡ್ ಮೊದಲು, ಮೋಟರ್ ಆಮೇಲೆ

1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿದ ಮೇಲೂ ಅದರ 'ಎಂಟರ್‌ಪ್ರೈಸ್' ಲೇತುಗಳು ತಿರುಗುತ್ತಲೇ ಇವೆ. ಬೆಂಗಳೂರಿನ ಎಚ್‌ಎಂಟಿಯ ಎನ್‌ಎಚ್ 22 ಕೂಡ ಅಷ್ಟೇ ಗಟ್ಟಿ. ಇಂಥವನ್ನು ಗುಜರಿಗೆ ಹಾಕದೆ ಕಂಪ್ಯೂಟರ್ ನಿಯಂತ್ರಣದ ಸಿಎನ್‌ಸಿ ಮಾಡಿಕೊಳ್ಳುವುದು ಒಳ್ಳೆಯ ಕೆಲಸವೇ. ಆದರೆ ಬಹಳಷ್ಟು ಕಡೆ ಅದು ತಲೆಕೆಳಗಾಗಿ ನಡೆಯುತ್ತದೆ: ಮೊದಲು ಕಂಟ್ರೋಲರ್, ಮೋಟರ್ ಕೊಳ್ಳುತ್ತಾರೆ, ಬೆಡ್ಡಿನ ಕಡೆ ಆಮೇಲೆ ನೋಡುತ್ತಾರೆ.

ಹಳೆಯ ಲೇತಿನ ಕ್ರಾಸ್ ಸ್ಲೈಡ್ ಹ್ಯಾಂಡಲನ್ನು ಒಳಕ್ಕೆ ತಿರುಗಿಸಿ, ಹಾಗೇ ಹಿಂದಕ್ಕೆ ತಿರುಗಿಸಿ ನೋಡಿ. ಹ್ಯಾಂಡಲ್ ಹೊರಳುತ್ತದೆ, ಡಯಲ್ ಗೇಜಿನ ಮುಳ್ಳು ಸ್ವಲ್ಪ ಹೊತ್ತು ಅಲುಗುವುದಿಲ್ಲ. ಸ್ಕ್ರೂ ಮತ್ತು ನಟ್ಟಿನ ನಡುವಿನ ಆ ಸಡಿಲವನ್ನು ನುರಿತ ಟರ್ನರ್ ಕೈಯಲ್ಲೇ ಸರಿದೂಗಿಸುತ್ತಾನೆ; ಟೂಲನ್ನು ಯಾವಾಗಲೂ ಒಂದೇ ದಿಕ್ಕಿನಿಂದ ತರುತ್ತಾನೆ. ಸಾಫ್ಟ್‌ವೇರಿಗೆ ಈ ಸಡಿಲದ, ಅಂದರೆ ಬ್ಯಾಕ್‌ಲ್ಯಾಶಿನ, ಅಂಕಿ ಕೊಟ್ಟರೆ ದಿಕ್ಕು ಬದಲಾದಾಗಿನ ಕೊರತೆಯನ್ನು ಅದು ತುಂಬುತ್ತದೆ, ನಿಜ. ಕಟಿಂಗಿನ ಒತ್ತಡಕ್ಕೆ ಟೂಲ್ ಜರುಗಿದರೆ ಮಾತ್ರ ಹಿಡಿದು ನಿಲ್ಲಿಸಲಾರದು. ಸ್ಲೈಡ್ 0.05 ಮಿ.ಮೀ. ಸರಿದರೆ ವ್ಯಾಸದಲ್ಲಿ 0.1 ಮಿ.ಮೀ. ತಪ್ಪು, ಬೇರಿಂಗ್ ಕೂರುವ ಶಾಫ್ಟಾದರೆ ಆ ಜಾಬ್ ಹೋದಂತೆಯೇ. ಹಾಗಾಗಿ ಹಳೆಯ ಸ್ಕ್ರೂ ಬದಲು ಹಾಕುವ, ಸಡಿಲವಿಲ್ಲದ ಬಾಲ್ ಸ್ಕ್ರೂವಿನಲ್ಲಿ ಜಿಪುಣತನ ಸಲ್ಲದು.

ಬೆಡ್ಡಿನ ಕಥೆ ಇನ್ನೂ ಕಷ್ಟದ್ದು. ಕೆಲಸವೆಲ್ಲ ಚಕ್ಕಿನ ಹತ್ತಿರ ನಡೆಯುವುದರಿಂದ ಸವೆತವೂ ಅಲ್ಲೇ. ಅಲ್ಲಿಗೆ ಸರಿಯಾಗಿ ಕ್ಯಾರೇಜನ್ನು ಬಿಗಿ ಮಾಡಿದರೆ ಟೇಲ್‌ಸ್ಟಾಕ್ ಕಡೆ ಹೋಗಿ ಕಚ್ಚಿಕೊಳ್ಳುತ್ತದೆ. ಗ್ರೈಂಡಿಂಗ್, ಸ್ಕ್ರೇಪಿಂಗ್ ಮಾಡಿಸದೆ ಎಷ್ಟು ದುಬಾರಿ ಸರ್ವೋ ಕೂರಿಸಿದರೂ ದುಡ್ಡು ದಂಡ.

ಥ್ರೆಡ್ ಹಾಕುವುದರಲ್ಲಿ ಮಾತ್ರ ಪರಿವರ್ತನೆ ಪೂರ್ತಿ ಗೆಲ್ಲುತ್ತದೆ. ಚೇಂಜ್ ಗೇರ್ ಬಿಚ್ಚಿ ಜೋಡಿಸುವ ತಾಪತ್ರಯವಿಲ್ಲ. ಸ್ಪಿಂಡಲಿನ ಎನ್‌ಕೋಡರ್ ಸುತ್ತಿಗೊಮ್ಮೆ ಗುರುತು ಕೊಡುತ್ತದೆ, ಪ್ರತಿ ಪಾಸಿಗೂ ಟೂಲ್ ಅದೇ ಜಾಡಿಗೆ ಇಳಿಯುತ್ತದೆ. ಆದರೆ ನಡುವೆ ಕರೆಂಟ್ ಹೋದರೆ ಆ ಥ್ರೆಡ್ ಉಳಿಯುವುದು ಕಷ್ಟ.

ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಶಿರೂರ ಅನಂತಪಾಳ, ನಿಲಂಗಾ, ಉದಗೀರದಂಥ ಊರಿನ ವರ್ಕ್‌ಶಾಪಿಗೆ ಈ ಪರಿವರ್ತನೆ ಬೇಕೇ? ಒಕ್ಕಲುತನದ ಸೀಮೆಯಲ್ಲಿ ಬರುವುದು ಮುರಿದ ಟ್ರ್ಯಾಕ್ಟರ್ ಪಿನ್ನು, ಸವೆದ ಪಂಪ್ ಶಾಫ್ಟು, ಒಂದರಂತೆ ಇನ್ನೊಂದಿಲ್ಲ. ಪ್ರೋಗ್ರಾಂ ಬರೆಯುವಷ್ಟರಲ್ಲಿ ಟರ್ನರ್ ಜಾಬ್ ಮುಗಿಸಿ ಕೊಟ್ಟಿರುತ್ತಾನೆ. ಒಂದೇ ಲೇತ್ ಇದ್ದವರು ಅದರ ಹ್ಯಾಂಡಲುಗಳನ್ನು ಕಿತ್ತು ಹಾಕಬಾರದು. ಒಂದೇ ಅಳತೆಯ ಬುಷ್ಷುಗಳ ಆರ್ಡರ್ ಕಾಯಂ ಬರುತ್ತಿದ್ದರೆ, ಎರಡನೆಯ ಹಳೆ ಲೇತ್ ತಂದು, ಬೆಡ್ ಗ್ರೈಂಡಿಂಗ್ ಮಾಡಿಸಿ, ಅದನ್ನೇ ಸಿಎನ್‌ಸಿ ಮಾಡಲಿ.