‘ನೆಬೊ’ ಶಬ್ದವೂ ನಕ್ಷತ್ರಚಿಹ್ನೆಯೂ

ಸ್ಲಾವಿಕ್ ಭಾಷೆಗಳ ಚರಿತ್ರೆಯನ್ನು ಹೇಳುವ ಗ್ರಂಥಗಳಲ್ಲಿ ಅನೇಕ ಶಬ್ದಗಳ ಆದಿಯಲ್ಲಿ ಒಂದು ಸಣ್ಣ ನಕ್ಷತ್ರಚಿಹ್ನೆಯಿರುವುದು. ಆ ರೂಪವು ಯಾವ ಬರಹದಲ್ಲಿಯೂ ದೊರೆತುದಲ್ಲ, ವಿದ್ವಾಂಸರು ಊಹಿಸಿ ಕಟ್ಟಿದುದು ಎಂದು ಅದರ ತಾತ್ಪರ್ಯ. ರಷ್ಯನ್, ಪೋಲಿಷ್, ಚೆಕ್, ಸರ್ಬಿಯನ್ ಮೊದಲಾದವುಗಳ ತಾಯಿಯಾದ ಮೂಲಸ್ಲಾವಿಕ್ ಭಾಷೆ ಬರಹವನ್ನೇ ಕಾಣಲಿಲ್ಲ. 9ನೆಯ ಶತಮಾನದಲ್ಲಿ ಹಳೆಯ ಚರ್ಚ್ ಸ್ಲಾವೊನಿಕ್ ಲಿಪಿಬದ್ಧವಾಯಿತು. ಆದುದರಿಂದ ಊಹೆ ಅನಿವಾರ್ಯ. ನಮ್ಮ ಆಕ್ಷೇಪವು ಊಹೆಯ ಮೇಲಲ್ಲ. ವಿಭಕ್ತಿಕೋಷ್ಟಕದ ರೂಪಗಳಿಗೆಲ್ಲ ಒಂದೇ ಚಿಹ್ನೆಯನ್ನಿಟ್ಟು, ದೃಢವಾದುದನ್ನೂ ಸಂದಿಗ್ಧವಾದುದನ್ನೂ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸುವ ಪದ್ಧತಿಯ ಮೇಲೆ.

ಆಕಾಶವೆಂಬರ್ಥದ ‘ನೆಬೊ’ ಶಬ್ದವನ್ನು ನೋಡೋಣ. ಪ್ರಥಮೆ ನೆಬೊ, ಚತುರ್ಥಿ ನೆಬೆಸಿ, ಷಷ್ಠಿ ನೆಬೆಸೆ. ಪ್ರಥಮಾ ಬಹುವಚನ ನೆಬೆಸಾ. ಮೊದಲ ರೂಪದಲ್ಲಿಲ್ಲದ ಸಕಾರವು ಉಳಿದೆಡೆಗೆ ಎಲ್ಲಿಂದ ಬಂದಿತು? ಸಂಸ್ಕೃತ ಬಲ್ಲವರಿಗೆ ಇದು ಒಗಟಲ್ಲ. ನಮ್ಮ ‘ನಭಸ್’ ಶಬ್ದವೇ ಇದು, ಷಷ್ಠಿಯಲ್ಲಿ ‘ನಭಸಃ’. ಮೇಘವೆಂಬರ್ಥದ ಗ್ರೀಕಿನ ‘ನೆಫೊಸ್’, ಆಕಾಶವೆಂಬರ್ಥದ ಹಿಟ್ಟೈಟಿನ ‘ನೇಪಿಶ್’ ಸಹ ಅದೇ ಕುಲದವು. ಸಕಾರವು ಬಂದುದಲ್ಲ, ಉಳಿದುದು. ಈಗಿನ ರಷ್ಯನ್ನರು ಷಷ್ಠಿಯ ಏಕವಚನದಲ್ಲಿ ಅದನ್ನು ಕೈಬಿಟ್ಟು ‘ನೆಬಾ’ ಎನ್ನುವರು. ಬಹುವಚನದಲ್ಲಿ ‘ನೆಬೆಸಾ’ ಎಂದೇ ಇದೆ. ನಾವೂ ‘ನಭದಲ್ಲಿ’ ಎನ್ನುವಾಗ ಸಕಾರವನ್ನು ಬಿಟ್ಟಿದ್ದೇವೆ, ‘ಮನಸ್ಸಿನಲ್ಲಿ’ ಇಟ್ಟುಕೊಂಡಿದ್ದೇವೆ!

ಇಷ್ಟು ಸಾಕ್ಷಿಗಳಿರುವ ಸಕಾರವನ್ನು ಯಾರೂ ಅಲುಗಿಸಲಾರರು. ಪ್ರಥಮೆಯ ಕಥೆ ಬೇರೆ. ‘ನೆಬೊ’ ಎಂಬ ರೂಪವೇನೋ ನಿಜ, ಆದರೆ ಅದರ ಪೂರ್ವಚರಿತ್ರೆ ವಿವಾದಗ್ರಸ್ತ. ಸಂಸ್ಕೃತದ ‘ವೃಕಃ’ ಎಂಬುದಕ್ಕೆ ಸಮನಾದ ಪುಲ್ಲಿಂಗಶಬ್ದದಲ್ಲಿ ಮೂಲದ ‘ಒಸ್’ ಅತಿಹ್ರಸ್ವ ಉಕಾರವಾಗಿರುವಾಗ, ಇಲ್ಲಿ ಒಕಾರವೇಕೆ? ‘ಅದು’ ಎಂಬರ್ಥದ ‘ತೊ’ ಸರ್ವನಾಮದ ಸಾದೃಶ್ಯದಿಂದ ಎಂದು ಕೆಲವರು. ಒಕಾರವೇ ಸಹಜ, ಪುಲ್ಲಿಂಗದ ಉಕಾರವು ದ್ವಿತೀಯೆಯಿಂದ ಬಂದುದು ಎಂದು ಮತ್ತೆ ಕೆಲವರು. ಎರಡನೆಯ ಪಕ್ಷವು ಸರಳವಾಗಿ ಕಂಡರೂ ನಮಗೆ ಪೂರ್ಣ ತೃಪ್ತಿಯಿಲ್ಲ. ತೃತೀಯೆಯ ‘ನೆಬೆಸಿಮಿ’ಯಾದರೋ ಇಕಾರಾಂತ ಶಬ್ದಗಳಿಂದ ಪ್ರತ್ಯಯವನ್ನು ಕಡ ತಂದಂತಿದೆ. ಆ ಕಡವು ಮೂಲಭಾಷೆ ಒಡೆಯುವ ಮೊದಲಿನದೋ ಅನಂತರದ್ದೋ, ಕೋಷ್ಟಕವು ಹೇಳುವುದಿಲ್ಲ.

ಈ ಚಿಹ್ನೆಯನ್ನು ಪ್ರಚುರಪಡಿಸಿದ ಜರ್ಮನ್ ಪಂಡಿತ ಆಗಸ್ಟ್ ಷ್ಲೈಖರನು 1868ರಲ್ಲಿ ಊಹಿತವಾದ ಇಂಡೋ-ಯೂರೋಪಿಯನ್ ಮೂಲಭಾಷೆಯಲ್ಲಿ ಒಂದು ನೀತಿಕಥೆಯನ್ನೇ ಬರೆದನು. ಧೈರ್ಯವು ಮೆಚ್ಚತಕ್ಕುದೇ. ಆದರೆ ಅನಂತರದ ವಿದ್ವಾಂಸರು ಅದೇ ಕಥೆಯನ್ನು ಮತ್ತೆ ಮತ್ತೆ ತಿದ್ದಿ ಬರೆದಿದ್ದಾರೆ. ಕೋಷ್ಟಕಕಾರರು ‘ನೆಬೆಸೆ’ಗೆ ಒಂದು ಗುರುತನ್ನೂ ‘ನೆಬೆಸಿಮಿ’ಗೆ ಬೇರೊಂದನ್ನೂ ಇಟ್ಟರೆ ಅಚ್ಚಿನ ಮನೆಯವರಿಗೆ ಸ್ವಲ್ಪ ಶ್ರಮವಾದೀತು, ಅಷ್ಟೆ.