ಸ್ವಾನುಭವಕಥನವೂ ವೃತ್ತಿಶಿಕ್ಷಣವೂ

ಉಪಾಧ್ಯಾಯವೃತ್ತಿಗೆ ಸಿದ್ಧರಾಗುವವರಿಗೆ ಜನರೊಡನೆ ನಡೆದುಕೊಳ್ಳುವ ರೀತಿಯನ್ನು ಕಲಿಸುವುದಕ್ಕಾಗಿ ಅವರವರ ಅನುಭವಗಳನ್ನು ಅವರವರ ಬಾಯಿಂದಲೇ ಹೇಳಿಸುವ ಪದ್ಧತಿಯು ಈಚೆಗೆ ಬಳಕೆಗೆ ಬಂದಿರುವುದು. ಕಥೆಯಿಂದ ಶಿಕ್ಷಣವೆಂದೊಡನೆ ನಮ್ಮವರು ಪಂಚತಂತ್ರವನ್ನು ಉದಾಹರಿಸುವರು. ಅದು ಸಲ್ಲದು. ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ಕ್ರಿ. ಶ. 1031ರಲ್ಲಿ ಕನ್ನಡಿಸಿದ ಆ ಗ್ರಂಥದಲ್ಲಿ ರಾಜಕುಮಾರರು ಕೇಳುವವರೇ ಹೊರತು ಹೇಳುವವರಲ್ಲ. ವಂಚಿಸುವುದು ನರಿ, ವಂಚಿತವಾಗುವುದು ಎತ್ತು. ಕೇಳುವವನ ಮಾನಕ್ಕೆ ಅಲ್ಲಿ ಯಾವ ಕುಂದೂ ಇಲ್ಲ.

ಈ ಪದ್ಧತಿಗೆ ಪೂರ್ವರೂಪವನ್ನು ಹುಡುಕುವುದಾದರೆ ದಂಡಿಯ ದಶಕುಮಾರಚರಿತದಲ್ಲಿ ಹುಡುಕಬೇಕು. ಚೌಂಡರಸನು ಇದನ್ನು ಕನ್ನಡದಲ್ಲಿ ಚಂಪುವಾಗಿಸಿರುವನು. ಅಗಲಿದ ಕುಮಾರರು ಮರಳಿ ಕೂಡಿದಾಗ ರಾಜವಾಹನನ ಮುಂದೆ ತಂತಮ್ಮ ವೃತ್ತಾಂತವನ್ನು ತಾವೇ ಹೇಳುವರು. ಮಂತ್ರಗುಪ್ತನ ತುಟಿಗೆ ಗಾಯವಾಗಿದ್ದುದರಿಂದ ಅವನ ಕಥೆಯಲ್ಲಿ ಓಷ್ಠ್ಯಾಕ್ಷರವೇ ಬಾರದು. ಪಾಠಶಾಲೆಯಲ್ಲಿ ಇದನ್ನು ಶಬ್ದಚಮತ್ಕಾರವೆಂದು ಓದಿದೆವು, ಹಾಗೆಯೇ ಓದಿಸಿದೆವು. ಕಥೆಗೆ ಹೇಳುವವನ ಮೈಯ ನೋವೂ ಅಂಟಿರುವುದೆಂಬುದು ನಮಗೆ ಹೊಳೆಯಲಿಲ್ಲ. ಅದಕ್ಕಿಂತ ಮುಖ್ಯನಾದವನು ರಾಜವಾಹನ. ಅಪಹಾರವರ್ಮನು ತನ್ನ ಕನ್ನಗಳ್ಳತನಗಳನ್ನೆಲ್ಲ ವಿವರಿಸಿದ ಮೇಲೆ ಅವನು ಉಪದೇಶಕ್ಕೆ ತೊಡಗುವುದಿಲ್ಲ. ಚೌರ್ಯಶಾಸ್ತ್ರಕಾರನೆನಿಸಿದ ಕರ್ಣೀಸುತನನ್ನು ನೆನೆದು ಒಂದು ಮಾತಾಡಿ, ಮುಂದಿನವನ ಕಡೆಗೆ ತಿರುಗುವನು. ಕೇಳುವವನ ಈ ಸಂಯಮವೇ ಹೇಳುವವನ ನಾಲಗೆಯನ್ನು ಬಿಡಿಸುವುದು. ನಾವು ಕಂಡ ಶಿಕ್ಷಣಕೂಟಗಳಲ್ಲಿ ಪರೀಕ್ಷೆಯೆಲ್ಲ ಹೇಳಿದವನಿಗೆ. ಕೇಳಿದವರು ಹೇಗೆ ಕೇಳಿದರೆಂದು ವಿಚಾರಿಸುವವರಿಲ್ಲ.

ದಂಡಿಯಲ್ಲಿ ಒಂದು ಕೊರತೆಯುಂಟು. ಅವನ ಕುಮಾರರೆಲ್ಲರೂ ಗೆದ್ದವರೇ. ಗೆಲವಿನ ಕಥೆಗೆ ತಲೆದೂಗಬಹುದು, ಮರುಪ್ರಶ್ನೆ ಹುಟ್ಟುವುದು ವಿರಳ. ಜಮಖಂಡಿಯ ಬಳಿಯ ಚಿಕ್ಕಪಡಸಲಗಿಯಲ್ಲಿ, ಸಿದ್ದು ನ್ಯಾಮಗೌಡರ ಮುಂದಾಳ್ತನದಲ್ಲಿ ರೈತರು ತಮ್ಮ ಹಣದಿಂದಲೂ ಮೈದುಡಿಮೆಯಿಂದಲೂ 1989ರಲ್ಲಿ ಕೃಷ್ಣೆಗೆ ಕಟ್ಟಿದ ಶ್ರಮಬಿಂದು ಸಾಗರದ ಕಥೆಯನ್ನೂ ಜನರು ಗೆಲವಿನ ಕಥೆಯಾಗಿಯೇ ಹೇಳುವರು. ಮೊದಲು ಹಣ ಕೊಡಲು ಹಿಂಜರಿದವನು ಇದ್ದರೆ, ಅವನ ಬಾಯಿಂದ ಕೇಳುವ ಕಥೆಯು ತರುಣ ಉಪಾಧ್ಯಾಯನಿಗೆ ಹೆಚ್ಚು ಉಪಯುಕ್ತವಾದೀತು.

ಆ ಊರಿನಲ್ಲಿಯೇ ಒಮ್ಮೆ ಕೆಲವು ತರುಣ ಉಪಾಧ್ಯಾಯರ ಮುಂದೆ ನಮ್ಮದೊಂದು ತಪ್ಪನ್ನು ಹೇಳಿದೆವು. ಹಿಂದೆ ಒಂದು ಪಾಠಶಾಲೆಯಲ್ಲಿ ಶಕಾರ ಸಕಾರಗಳ ಭೇದ ತಿಳಿಯದ ಹುಡುಗನೊಬ್ಬನನ್ನು ಎಲ್ಲರೆದುರಿಗೆ ನಗೆಗೀಡುಮಾಡಿದ್ದೆವು. ಮರುದಿನದಿಂದ ಅವನು ಬರಲಿಲ್ಲ. ಕೇಳಿದವರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ ಒಬ್ಬಾಕೆ, "ಆ ಹುಡುಗನ ಮನಿಗೆ ಹೋಗಿದ್ರೇನ್ರಿ, ಗುರುಗಳೇ?" ಎಂದಳು.

ಹೋಗಿರಲಿಲ್ಲ.