ಬೆಲೆಯೂ ಬಾಳಿಕೆಯೂ

ಯಾವುದೇ ಊರಿನ ಮೊಬೈಲ್ ಅಂಗಡಿಯ ಗಾಜಿನ ಕಪಾಟಿನಲ್ಲಿ ಎಂಟು ಸಾವಿರ ರೂಪಾಯಿಯಿಂದ ತೊಡಗಿ ಲಕ್ಷವನ್ನು ದಾಟುವ ಬೆಲೆಯವರೆಗಿನ ಫೋನುಗಳು ಒಂದರ ಪಕ್ಕದಲ್ಲೊಂದು ನಿಂತಿರುವಾಗ, ಎಲ್ಲದರ ಮುಖವೂ ಒಂದೇ ಬಗೆಯ ಕಪ್ಪು ಗಾಜು, ಎಲ್ಲದರ ಬೆನ್ನಿನಲ್ಲಿಯೂ ಎರಡು ಮೂರು ಕ್ಯಾಮೆರಾ, ಎಲ್ಲದರೊಳಗೂ ಅದೇ ವಾಟ್ಸ್‌ಆ್ಯಪು, ಅದೇ ಯೂಟ್ಯೂಬು ಇರುವುದನ್ನು ಕಂಡ ಗೃಹಸ್ಥನಿಗೆ, ಹತ್ತು ಸಾವಿರದ್ದು ಮಾಡುವ ಕೆಲಸಕ್ಕೆ ಎಂಬತ್ತು ಸಾವಿರವನ್ನು ತೆರುವುದು ವಿವೇಕವೆ ಎಂಬ ಸಂದೇಹ ಹುಟ್ಟುವುದು ಅತ್ಯಂತ ಸಹಜವಾದದ್ದು. ಸಂದೇಹ ನ್ಯಾಯವಾದದ್ದೇ, ಆದರೆ ಅದಕ್ಕೆ ವಾಡಿಕೆಯಾಗಿ ದೊರೆಯುವ ಎರಡು ಉತ್ತರಗಳೂ, ಅಗ್ಗದ್ದೇ ಸಾಕೆಂಬುದೂ ಕಾಸಿಗೆ ತಕ್ಕ ಕಜ್ಜಾಯವೆಂಬುದೂ, ಅರ್ಧ ಸತ್ಯಗಳೆಂದು ನನ್ನ ಅಭಿಪ್ರಾಯ. ಫೋನಿನ ಬೆಲೆಯನ್ನು ಕೊಂಡ ದಿನದ ರಶೀದಿಯಿಂದ ಅಳೆಯತಕ್ಕದ್ದಲ್ಲ. ಅದು ನಮ್ಮ ಕೈಯಲ್ಲಿ ಕಾಟ ಕೊಡದೆ ಎಷ್ಟು ವರ್ಷ ದುಡಿಯಿತೆಂಬುದರಿಂದ ಅಳೆಯತಕ್ಕದ್ದು.

ಅಗ್ಗದ ಫೋನನ್ನು ಹೀಗಳೆಯುವವರ ಗುಂಪಿಗೆ ನಾನು ಸೇರಿದವನಲ್ಲ. 2014ರ ಫೆಬ್ರವರಿಯಲ್ಲಿ ಮೋಟೊ ಜಿ 12,499 ರೂಪಾಯಿಗೆ, ಅದೇ ವರ್ಷದ ಜುಲೈ ತಿಂಗಳಿನಲ್ಲಿ ಶಿಯೋಮಿಯ ಎಂಐ 3 13,999 ರೂಪಾಯಿಗೆ ಈ ದೇಶದ ಮಾರುಕಟ್ಟೆಯನ್ನು ಪ್ರವೇಶಿಸಿದಾಗ, ಅಲ್ಲಿಯತನಕ ಸಿರಿವಂತರ ಜೇಬಿನಲ್ಲಿ ಮಾತ್ರ ಇದ್ದ ಚುರುಕು ಸಾಮಾನ್ಯ ನೌಕರಿದಾರನ ಕೈಗೂ ಎಟುಕಿತೆಂಬುದನ್ನು ಮರೆಯಲಾಗದು. 2018ರ ಆಗಸ್ಟಿನಲ್ಲಿ ಬಂದ ಪೋಕೊ ಎಫ್1 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ ವರ್ಷದ 34,999 ರೂಪಾಯಿಯ ಒನ್‌ಪ್ಲಸ್ 6ರಲ್ಲಿದ್ದ ಸ್ನ್ಯಾಪ್‌ಡ್ರ್ಯಾಗನ್ 845 ಎಂಬ ಪ್ರೊಸೆಸರನ್ನೇ 20,999 ರೂಪಾಯಿಗೆ ಕೊಟ್ಟಿತು. ಆದರೆ ಉಳಿದ ಹದಿನಾಲ್ಕು ಸಾವಿರ ಎಲ್ಲಿಂದ ಉಳಿಯಿತೆಂಬುದನ್ನು ವಿಚಾರಿಸಿದವರು ವಿರಳ. ಬೆನ್ನು ಪ್ಲಾಸ್ಟಿಕ್ಕಿನದಾಗಿದ್ದದ್ದು ಕಣ್ಣಿಗೆ ಕಾಣುತ್ತಿತ್ತು, ಅದರಿಂದ ನಷ್ಟವೂ ಇರಲಿಲ್ಲ. ಕಾಣದೆ ಇದ್ದದ್ದೆಂದರೆ ವೈಡ್‌ವೈನ್ ಎಲ್1 ಎಂಬ ಪರವಾನಗಿ. ಅದಿಲ್ಲದ ಕಾರಣ ಅಷ್ಟು ಬಲಶಾಲಿಯಾದ ಯಂತ್ರವೂ ಪ್ರಾರಂಭದಲ್ಲಿ ನೆಟ್‌ಫ್ಲಿಕ್ಸಿನ ಚಿತ್ರಗಳನ್ನು ಎಚ್‌ಡಿ ಗುಣಮಟ್ಟದಲ್ಲಿ ತೋರಿಸಲಾರದಾಗಿತ್ತು. ಮುಂದೆ ಬಂದ ಅಪ್‌ಡೇಟಿನಿಂದ ಆ ಕೊರತೆ ನೀಗಿತೆನ್ನಿ. ಅಗ್ಗದ ಫೋನು ಸೋಲುವುದು ಡಬ್ಬಿಯ ಮೇಲೆ ಮುದ್ರಿತವಾದ ಗುಣಗಳಲ್ಲಿ ಅಲ್ಲ, ಮುದ್ರಿಸದೆ ಬಿಟ್ಟ ಗುಣಗಳಲ್ಲಿ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಹಾಗೆ ಮುದ್ರಿಸದೆ ಬಿಟ್ಟವುಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಸ್ಟೋರೇಜಿನ ಜಾತಿ. 64 ಜಿಬಿ, 128 ಜಿಬಿ ಎಂದು ಗಾತ್ರವನ್ನು ದಪ್ಪಕ್ಷರದಲ್ಲಿ ಸಾರುವವರು, ಒಳಗಿರುವುದು ಇಎಂಎಂಸಿಯೋ ಯುಎಫ್‌ಎಸ್ಸೋ ಎಂಬುದನ್ನು ಅಗ್ಗದ ಫೋನುಗಳ ವಿಷಯದಲ್ಲಿ ಸಾಧಾರಣವಾಗಿ ಬಾಯಿ ಬಿಟ್ಟು ಹೇಳುವುದಿಲ್ಲ. ಇಎಂಎಂಸಿ ಒಂದು ಕ್ಷಣದಲ್ಲಿ ಓದಬಲ್ಲದು ಇಲ್ಲವೆ ಬರೆಯಬಲ್ಲದು, ಎರಡನ್ನೂ ಕೂಡಿ ಮಾಡಲಾರದು. ಯುಎಫ್‌ಎಸ್ ಎರಡನ್ನೂ ಏಕಕಾಲದಲ್ಲಿ ನಡೆಸುತ್ತದೆ. ಇಎಂಎಂಸಿ 5.1ರ ವೇಗದ ಮೇಲ್ಮಿತಿ ಸೆಕೆಂಡಿಗೆ 400 ಮೆಗಾಬೈಟ್ ಆಗಿದ್ದರೆ, ದುಬಾರಿ ಫೋನುಗಳ ಯುಎಫ್‌ಎಸ್ 4.0 ಓದುವುದರಲ್ಲಿ 4,000ವನ್ನು ಮೀರುತ್ತದೆ. ಅಂಗಡಿಯಲ್ಲಿ ಹೊಸ ಫೋನನ್ನು ಕೈಗೆತ್ತಿಕೊಂಡಾಗ ಈ ಅಂತರ ತಿಳಿಯುವುದೇ ಇಲ್ಲ; ಅದು ತಿಳಿಯುವುದು ಎರಡು ದೀಪಾವಳಿ ಕಳೆದ ಮೇಲೆ, ಬಂಧುಗಳ ಗುಂಪುಗಳಿಂದ ದಿನಬೆಳಗಾದರೆ ಬಂದು ಬೀಳುವ ಶುಭೋದಯದ ಚಿತ್ರಗಳೂ ಮದುವೆ ಮುಂಜಿಗಳ ವಿಡಿಯೋಗಳೂ ಒಳಗೆ ತುಂಬಿ, 'ಸ್ಟೋರೇಜ್ ಫುಲ್' ಎಂಬ ಎಚ್ಚರಿಕೆ ಕಾಣಿಸಿಕೊಳ್ಳತೊಡಗಿದಾಗ. ಇಎಂಎಂಸಿಯಂಥ ಸ್ಮೃತಿಯಲ್ಲಿ ಹೊಸದನ್ನು ಬರೆಯಬೇಕಾದರೆ ಒಂದು ಭಾಗವನ್ನು ಮೊದಲೇ ಇಡಿಯಾಗಿ ಅಳಿಸಿರಬೇಕು. ತುಂಬಿದ ಸ್ಟೋರೇಜಿನಲ್ಲಿ ಅಂಥ ತೆರಪು ಉಳಿದಿರುವುದಿಲ್ಲವಾಗಿ, ಇದ್ದದ್ದನ್ನು ಅತ್ತ ಸರಿಸಿ, ಜಾಗವನ್ನು ಅಳಿಸಿ, ಆಮೇಲೆ ಬರೆಯುವಷ್ಟರಲ್ಲಿ ಓದುವ ಕೆಲಸವೆಲ್ಲ ನಿಂತುಹೋಗುತ್ತದೆ. ಗಾಂಧಿ ಬಜಾರಿನ ಸೊಪ್ಪಿನ ಅಂಗಡಿಯ ಮುಂದೆ ಯುಪಿಐ ಆ್ಯಪನ್ನು ಒತ್ತಿ, ಕ್ಯೂಆರ್ ಹಲಗೆಯ ಕಡೆ ಫೋನನ್ನು ಹಿಡಿದು, ಬಿಳಿಯ ಪರದೆಯನ್ನೇ ನೋಡುತ್ತ ನಿಂತ ಹಿರಿಯರೊಬ್ಬರನ್ನು ಹಿಂದಿನವರು ಅವಸರಪಡಿಸುವುದನ್ನು ಯಾವ ಸಂಜೆಯಾದರೂ ಕಾಣಬಹುದು. 'ಫೋನು ಹ್ಯಾಂಗ್ ಆಗಿದೆ' ಎಂದು ಅವರು ಸಂಕೋಚದಿಂದ ಹೇಳುತ್ತಾರೆ. ತಪ್ಪು ತಮ್ಮ ಕೈಯದೆಂದೇ ಅನೇಕರು ಭಾವಿಸಿರುತ್ತಾರೆ. ತಪ್ಪು ಅವರದಲ್ಲ. 2021ರಲ್ಲಿ 6,499 ರೂಪಾಯಿಗೆ ಬಂದ ಜಿಯೋಫೋನ್ ನೆಕ್ಸ್ಟಿನಲ್ಲಿದ್ದದ್ದು 2 ಜಿಬಿ ರ್‍ಯಾಮು, 32 ಜಿಬಿ ಸ್ಟೋರೇಜು. ಇಂದಿನ ಆ್ಯಪುಗಳ ಗಾತ್ರವನ್ನು ಬಲ್ಲವರಾರೂ ಅಷ್ಟರಲ್ಲಿ ಸಂಸಾರ ನಡೆದೀತೆಂದು ಹೇಳಲಾರರು.

ಕ್ಯಾಮೆರಾದ ವಿಷಯದಲ್ಲಿಯೂ ಸಂಖ್ಯೆಯ ಮೋಹ ಇಷ್ಟೇ ಹಾನಿಕರವಾದದ್ದು. ಅಗ್ಗದ ಫೋನುಗಳಲ್ಲಿ ಬಹಳವಾಗಿ ಬಳಕೆಯಾದ ಸ್ಯಾಮ್‌ಸಂಗ್ ಜೆಎನ್1 ಸೆನ್ಸರೂ 50 ಮೆಗಾಪಿಕ್ಸೆಲ್ಲಿನದೇ, 2023ರ ಅಕ್ಟೋಬರಿನಲ್ಲಿ 75,999 ರೂಪಾಯಿಗೆ ಬಿಡುಗಡೆಯಾದ ಗೂಗಲ್ ಪಿಕ್ಸೆಲ್ 8ರ ಮುಖ್ಯ ಸೆನ್ಸರೂ 50 ಮೆಗಾಪಿಕ್ಸೆಲ್ಲಿನದೇ. ಆದರೆ ಮೊದಲನೆಯದರಲ್ಲಿ ಒಂದು ಪಿಕ್ಸೆಲ್ಲಿನ ಅಗಲ 0.64 ಮೈಕ್ರಾನು, ಎರಡನೆಯದರಲ್ಲಿ 1.2 ಮೈಕ್ರಾನು, ಎಂದರೆ ಬೆಳಕು ಬೀಳುವ ವಿಸ್ತೀರ್ಣದಲ್ಲಿ ಸುಮಾರು ಮೂರೂವರೆ ಪಟ್ಟು ಅಂತರ. ಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದ ಎರಡರ ಚಿತ್ರಗಳನ್ನೂ ಪಕ್ಕಪಕ್ಕದಲ್ಲಿಟ್ಟರೆ ಪಳಗಿದ ಕಣ್ಣೂ ಒಮ್ಮೊಮ್ಮೆ ತಡವರಿಸೀತು. ಆದರೆ ಸಂಜೆ ದೀಪ ಹಚ್ಚಿದ ಹೊತ್ತಿನಲ್ಲಿ, ಹಜಾರದ ಮಂದ ಬೆಳಕಿನಲ್ಲಿ ಅತ್ತಿಂದಿತ್ತ ಓಡಾಡುವ ಮಗುವನ್ನು ಸೆರೆಹಿಡಿಯಹೊರಟರೆ, ಅಗ್ಗದ ಫೋನು ಸಾಲದ ಬೆಳಕನ್ನು ಹೆಚ್ಚು ಹೊತ್ತು ಕೂಡಿಸಹೋಗಿ ಮಗುವಿನ ಮುಖವನ್ನು ಮಸುಕಿನ ಗೆರೆಯಾಗಿಸಿಬಿಡುತ್ತದೆ. ಮತ್ತೊಂದು, ಕಣ್ಣಿನ ಹೊಳಪನ್ನೂ ಕೈಬಳೆಯ ಅಂಚನ್ನೂ ಉಳಿಸಿಕೊಡುತ್ತದೆ. ಮನೆಯಲ್ಲಿ ಬೇರೆ ಕ್ಯಾಮೆರಾ ಇಲ್ಲದ, ಮಕ್ಕಳು ಬೆಳೆಯುತ್ತಿರುವ ಕುಟುಂಬಕ್ಕೆ ಇದು ಸಣ್ಣ ವಿಷಯವಲ್ಲ. ದುಬಾರಿ ಫೋನಿಗೆ ಹಣ ತೆರುವುದಕ್ಕೆ ನಾನು ಮನಃಪೂರ್ವಕವಾಗಿ ಒಪ್ಪುವ ಕಾರಣ ಇದೊಂದೇ. ಅಗ್ಗದ ಫೋನಿನ ಬೆನ್ನಿನಲ್ಲಿ ಅಲಂಕಾರಕ್ಕೆಂದು ಕೂರಿಸಿದ 2 ಮೆಗಾಪಿಕ್ಸೆಲ್ಲಿನ ಮ್ಯಾಕ್ರೋ ಮತ್ತು ಡೆಪ್ತ್ ಕ್ಯಾಮೆರಾಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ.

ಪ್ರೊಸೆಸರಿನ ಬಗೆಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಆಟಗಳ ಗೀಳಿಲ್ಲದವರಿಗೆ ಮಧ್ಯಮ ಬೆಲೆಯ ಯಾವ ಫೋನಾದರೂ ಇಂದು ಸಾಕು.

ಉಳಿದದ್ದು ಸುರಕ್ಷತೆಯ ಅಪ್‌ಡೇಟುಗಳ ಅವಧಿ. ಬ್ಯಾಂಕಿನ ಖಾತೆಯೇ ಫೋನಿನೊಳಗೆ ನೆಲೆಸಿರುವ ಈ ಕಾಲದಲ್ಲಿ ಅಪ್‌ಡೇಟು ನಿಂತ ಫೋನನ್ನು ಆಶ್ರಯಿಸಿರುವುದು ಅಪಾಯಕರವೇ ಸರಿ. ಬ್ಯಾಂಕಿನ ಆ್ಯಪುಗಳೂ ತೀರ ಹಳೆಯ ಆಂಡ್ರಾಯ್ಡಿನಲ್ಲಿ ಕ್ರಮೇಣ ನಡೆಯದಾಗುತ್ತವೆ. ಗೂಗಲ್ ಪಿಕ್ಸೆಲ್ 8ಕ್ಕೂ ಸ್ಯಾಮ್‌ಸಂಗ್ 2024ರ ಗ್ಯಾಲಕ್ಸಿ ಎಸ್24ಕ್ಕೂ ಏಳು ವರ್ಷಗಳ ಅಪ್‌ಡೇಟನ್ನು ವಾಗ್ದಾನ ಮಾಡಿದಾಗ, ಇದು ಶ್ರೀಮಂತರಿಗೆ ಮಾತ್ರ ಮೀಸಲಾದ ಸೌಲಭ್ಯವೆಂದೇ ತೋರಿತ್ತು. ಆದರೆ ಅದೇ ವರ್ಷದ ಅಕ್ಟೋಬರಿನಲ್ಲಿ 18,999 ರೂಪಾಯಿಯ ಗ್ಯಾಲಕ್ಸಿ ಎ16 5ಜಿಗೂ ಆರು ವರ್ಷದ ವಾಗ್ದಾನ ದೊರೆಯಿತು. ಇಲ್ಲಿ ಲೆಕ್ಕದ ಪುಸ್ತಕವನ್ನು ತೆರೆಯೋಣ. ಎಂಟು ಸಾವಿರದ ಫೋನು ಎರಡು ವರ್ಷದಲ್ಲಿ ಕೈಕೊಟ್ಟರೆ ವರ್ಷಕ್ಕೆ ಬಿದ್ದ ವೆಚ್ಚ 4,000. ಎ16 ಆರು ವರ್ಷವೂ ಅದೇ ಚುರುಕಿನಲ್ಲಿ ಉಳಿದೀತೆಂದು ನಾನು ನಂಬುವವನಲ್ಲ. ನಾಲ್ಕೇ ವರ್ಷ ಎಂದಿಟ್ಟುಕೊಂಡರೂ ವರ್ಷಕ್ಕೆ 4,750. ಪಿಕ್ಸೆಲ್ 8 ಏಳು ವರ್ಷವನ್ನೂ ಪೂರೈಸಿದರೂ ವರ್ಷಕ್ಕೆ 10,857. ಹೀಗಿರುವಲ್ಲಿ, ದುಬಾರಿ ಫೋನು ಬಹುಕಾಲ ಬಾಳುವುದರಿಂದ ಕೊನೆಗೆ ಅಗ್ಗವೇ ಆಗುತ್ತದೆ ಎಂಬ ಮಾರಾಟಗಾರರ ವಾದ ನಿಲ್ಲುವುದಿಲ್ಲ. ಅಂತೆಯೇ, ವರ್ಷಕ್ಕೆ 750 ರೂಪಾಯಿ ಉಳಿಸುವುದಕ್ಕಾಗಿ ತಂದೆತಾಯಿಯರ ಕೈಗೆ ದಿನವೂ ತಡವರಿಸುವ ಯಂತ್ರವನ್ನು ಕೊಡುವುದು ಮಿತವ್ಯಯವೆಂದೂ ಹೇಳಲಾಗುವುದಿಲ್ಲ.

ಹಬ್ಬದ ರಿಯಾಯಿತಿಯಲ್ಲಿ ಎರಡು ವರ್ಷದ ಹಿಂದಿನ ದುಬಾರಿ ಮಾದರಿಯನ್ನು ಕಡಮೆ ಬೆಲೆಗೆ ಕೊಳ್ಳುವವರು ಜಾಣರೇ. ಆದರೆ ಅಪ್‌ಡೇಟಿನ ವರ್ಷಗಳನ್ನು ಎಣಿಸುವುದು ಆ ಮಾದರಿ ಮೊದಲು ಬಿಡುಗಡೆಯಾದ ದಿನದಿಂದಲೇ ಹೊರತು ನಾವು ಕೊಂಡ ದಿನದಿಂದಲ್ಲ, ಆದಕಾರಣ ಏಳರಲ್ಲಿ ಉಳಿದಿರುವುದು ಐದು. ಒಡೆದ ಡಿಸ್‌ಪ್ಲೇಯ ಖರ್ಚನ್ನೂ ಮುಂಚಿತವಾಗಿಯೇ ವಿಚಾರಿಸಿಕೊಳ್ಳಬೇಕು. ಬೆಂಗಳೂರಿನವನಿಗೆ ರಿಪೇರಿಗೆ ಎಸ್.ಪಿ. ರಸ್ತೆಯ ಅಂಗಡಿಗಳಿವೆ, ಆದರೆ ಸರ್ವೀಸ್ ಸೆಂಟರು ಜಿಲ್ಲಾ ಕೇಂದ್ರದಲ್ಲಿಯೂ ಇಲ್ಲದ ಕಂಪನಿಯ ಫೋನನ್ನು ತಾಲ್ಲೂಕಿನಲ್ಲಿರುವವನು ಕೊಂಡರೆ, ಬೆಲೆ ಎಷ್ಟೇ ಆಗಿರಲಿ, ಅದು ಒಂದೇ ಬಾರಿ ಕೆಳಗೆ ಬೀಳುವತನಕ ಮಾತ್ರ ಅವನದು.

ಆದುದರಿಂದ ನನ್ನ ತೀರ್ಪು ಹೀಗೆ: ಹತ್ತು ಸಾವಿರದ ಒಳಗಿನದನ್ನು ಅನಿವಾರ್ಯವಿದ್ದರೆ ಮಾತ್ರ ಕೊಳ್ಳಿ, ಬಹುಪಾಲು ಮನೆಗಳಿಗೆ ಯುಎಫ್‌ಎಸ್ ಸ್ಟೋರೇಜು, 8 ಜಿಬಿ ರ್‍ಯಾಮು ಇರುವ ಹದಿನೆಂಟರಿಂದ ಇಪ್ಪತ್ತೈದು ಸಾವಿರದ ಫೋನು ಸರಿಯಾದದ್ದು, ಅದರ ಮೇಲಿನದು ಚಿತ್ರಗಳ ಮೇಲೆ ನಿಜವಾದ ಪ್ರೀತಿ ಇದ್ದವರಿಗೆ. ಹಣ ಕೊಡುವ ಮೊದಲು ಅಂಗಡಿಯವರಲ್ಲಿ ಎರಡು ಸಂಗತಿಗಳನ್ನು ಕೇಳಿ: ಸ್ಟೋರೇಜು ಯಾವ ಜಾತಿಯದು, ಸುರಕ್ಷತೆಯ ಅಪ್‌ಡೇಟು ಯಾವ ಇಸವಿಯತನಕ ಬರುತ್ತದೆ. ಎರಡಕ್ಕೂ ಉತ್ತರ ಸಿಗದಿದ್ದರೆ, ದಯವಿಟ್ಟು ಆ ಫೋನನ್ನು ಅಲ್ಲಿಯೇ ಬಿಟ್ಟು ಬನ್ನಿ.